ಬೆಟ್ಟಕ್ಕೆ ಬೆಂಕಿ ಬಿದ್ದರೆ ನಿಮ್ಮೂರಲ್ಲಿ ಯಾರು ಹೋಗುತ್ತಾರೆ?

ಕಾನಂಚು (ಸಾಗರ)

ಬೈಯುವವರು ಬೈಯಿರಿ, ಆದರೆ ಉತ್ತರ ಕೊಟ್ಟು ಬೈಯಿರಿ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಕೆಳಗೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೆಟ್ಟದಾಚೆ ಅಕೇಶಿಯಾ ನೆಡುತೋಪು. ಫೆಬ್ರವರಿ ಕೊನೆಯಿಂದ ಮೊದಲ ಮಳೆ ಬೀಳುವವರೆಗೆ ಎಲ್ಲಾದರೂ ಒಂದು ಕಡೆ ಹೊಗೆ ಏಳುತ್ತಲೇ ಇರುತ್ತದೆ. ಈ ವರ್ಷ ಬೆಂಕಿ ನೆಡುತೋಪಿನಿಂದ ಬೆಟ್ಟಕ್ಕೆ ಇಳಿದು ತೋಟದ ಬೇಲಿವರೆಗೂ ಬಂತು. ಒಬ್ಬರ ಡ್ರಿಪ್ ಪೈಪು ಪೂರ್ತಿ ಹೋಯಿತು, ಅಂಚಿನ ಎಳೆ ಅಡಿಕೆ ಗಿಡಗಳು ಬಾಡಿದವು. ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೊ ಹಾಕಿದವರು ಬೇಕಾದಷ್ಟು ಜನ. ಹಸಿ ಟೊಂಗೆ ಹಿಡಿದು ಮೇಲೆ ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮರುದಿನ ಅದೇ ಗುಂಪಿನಲ್ಲಿ ಜಗಳ.

ಜಗಳದಲ್ಲಿ ಬಂದ ಮಾತುಗಳನ್ನು ಹಾಗೇ ಬರೆಯುತ್ತೇನೆ.

"ಇಲಾಖೆಯ ಕಾಡು, ಇಲಾಖೆಯೇ ಆರಿಸಲಿ. ಒಂದು ಒಣಗಿದ ಮರ ಕಡಿದರೆ ಬರುತ್ತಾರಲ್ಲ, ಈಗಲೂ ಬರಲಿ."

"ಆರಿಸಲು ಹೋದವನ ಹೆಸರನ್ನೇ ಮೊದಲು ಬರೆದುಕೊಳ್ಳುತ್ತಾರೆ."

"ಸುಟ್ಟರೆ ಒಳ್ಳೆಯದೇ ಬಿಡಿ, ಉಣುಗು ಸಾಯುತ್ತದೆ."

ಈ ಮೂರನೆಯದನ್ನು ನಗಾಡಿ ತಳ್ಳಿಹಾಕಬೇಡಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಮಗೆ ಪೇಪರಿನ ಸುದ್ದಿ ಅಲ್ಲ. 1957ರಲ್ಲಿ ಅದು ಮೊದಲು ಕಂಡದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ನಮ್ಮ ತಾಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತಾಗ ದರಕು (ಬಿದ್ದ ಒಣ ಎಲೆ) ಗುಡಿಸಲು ಹೋಗುವುದೇ ನಿಂತುಹೋಗಿತ್ತು. ಬೆಟ್ಟಕ್ಕೆ ಕಾಲಿಡಲು ಹೆದರಿದ ಮನುಷ್ಯನಿಗೆ ಬೆಟ್ಟ ಸುಟ್ಟರೆ ಸಮಾಧಾನ ಆಗುವುದು ನನಗೆ ಅರ್ಥವಾಗುತ್ತದೆ. ಒಪ್ಪಿಗೆ ಇಲ್ಲ, ಆದರೆ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಅಜ್ಜನ ಕಾಲದಲ್ಲಿ ಬೆಟ್ಟದಲ್ಲಿ ಸುಡಲು ಏನೂ ಉಳಿಯುತ್ತಿರಲಿಲ್ಲ. ಕೊಟ್ಟಿಗೆ ತುಂಬ ದನ, ಅವುಗಳ ಕಾಲಡಿಗೆ ಹಾಸಲು ದರಕು, ತೋಟಕ್ಕೆ ಸೊಪ್ಪು. ಬೆಟ್ಟ ಅಂಗಳದ ಹಾಗೆ ಚೊಕ್ಕವಾಗಿರುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಈಗ ಊರಲ್ಲಿ ದನ ಕಟ್ಟುವ ಮನೆಗಳೇ ಕಡಿಮೆ. ಹಾಲು ಪ್ಯಾಕೆಟ್‌ನಲ್ಲಿ ಬರುತ್ತದೆ, ಗೊಬ್ಬರ ಲಾರಿಯಲ್ಲಿ ಬರುತ್ತದೆ. ದರಕು ಬಿದ್ದಲ್ಲೇ ಬಿದ್ದಿರುತ್ತದೆ.

ನನ್ನ ಪ್ರಶ್ನೆ ಎರಡು. ನಿಮ್ಮ ಕಡೆ ಬೆಂಕಿ ಬಿದ್ದಾಗ ಊರವರು ಹೋಗುತ್ತಾರಾ, ಹೋಗುವಂತೆ ಮಾಡಿದ್ದು ಯಾವುದು? ಎರಡನೆಯದು, "ಡಿಸೆಂಬರ್‌ನಲ್ಲೇ ನಾವೇ ಬೆಟ್ಟಕ್ಕೆ ಸಣ್ಣ ಬೆಂಕಿ ಕೊಟ್ಟುಬಿಡೋಣ, ಆಮೇಲೆ ದೊಡ್ಡದು ಬರಲ್ಲ" ಎಂದು ಕೆಲವರು ಹೇಳುತ್ತಿದ್ದಾರೆ. ಇದರಲ್ಲಿ ಹುರುಳಿದೆಯಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ (ಬೆಂಗಳೂರು)

ಇಷ್ಟೆಲ್ಲ ಯಾಕೆ? ಹಚ್ಚಿದವರನ್ನು ಹಿಡಿದು ಒಳಗೆ ಹಾಕಿ. ಬಂಡೀಪುರಕ್ಕೆ ಹೆಲಿಕಾಪ್ಟರ್ ತಂದ ಹಾಗೆ ಎಲ್ಲ ಕಡೆ ತನ್ನಿ. ಕಾಡಿನ ಜನಕ್ಕೆ ಕಾಡಿನ ಬೆಲೆ ಗೊತ್ತಿಲ್ಲ ಅನ್ನೋದೇ ಸಮಸ್ಯೆ.

ಹಳೇ ಫಾರೆಸ್ಟರ್ (ಮೈಸೂರು)

ಸಂತ್ರಸ್ತರೇ, ಹೆಲಿಕಾಪ್ಟರ್ ವಿಷಯದಿಂದಲೇ ಶುರುಮಾಡುತ್ತೇನೆ.

ನಾನು ಗಾರ್ಡ್ ಆಗಿ ಇಲಾಖೆಗೆ ಸೇರಿ ಫಾರೆಸ್ಟರ್ ಆಗಿ ನಿವೃತ್ತನಾದವನು. ಸೇವೆಯ ಹೆಚ್ಚಿನ ಭಾಗ ಕಳೆದದ್ದು ಮೈಸೂರು, ಚಾಮರಾಜನಗರ ಕಡೆಯ ಒಣ ಕಾಡುಗಳಲ್ಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಬೆಂಕಿ ಎದ್ದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ ತೂಗಿಸಿಕೊಂಡು ಬಂದು ನೀರು ಸುರಿದವು, ನಿಜ. ಟಿವಿಯಲ್ಲಿ ನೋಡಲು ಚೆಂದ. ಅಷ್ಟು ಹೊತ್ತಿಗೆ ಸಾವಿರಾರು ಎಕರೆ ಬೂದಿಯಾಗಿತ್ತು. ಒಟ್ಟು ಸುಟ್ಟದ್ದು ಹತ್ತು ಸಾವಿರ ಎಕರೆಗೂ ಹೆಚ್ಚು ಎಂದು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದರು. ಮೇಲಿಂದ ನೀರು ಬಿದ್ದ ಜಾಗದಲ್ಲಿ ಕೆಳಗೆ ಯಾರಾದರೂ ನಿಂತು ದಿಮ್ಮಿ ಉರುಳಿಸಿ, ಕೆಂಡ ಕೆದಕಿ ಮಣ್ಣು ಮುಚ್ಚದಿದ್ದರೆ ಸಂಜೆ ಗಾಳಿಗೆ ಅದು ಮತ್ತೆ ಏಳುತ್ತದೆ. ಆ ಕೆಲಸ ಮಾಡಿದವರು ವಾಚರ್‌ಗಳು, ಗಾರ್ಡ್‌ಗಳು, ಹಾಡಿಯ ಜನ. ಮೈಸೂರು ಬೆಂಗಳೂರಿನಿಂದ ಬಂದ ಸ್ವಯಂಸೇವಕರೂ ಇದ್ದರು, ಅವರನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಹಾದಿ ಗೊತ್ತಿಲ್ಲದವರನ್ನು ಕಾಯುವುದೂ ಒಂದು ಕೆಲಸ. 2017ರಲ್ಲಿ ಅದೇ ಬಂಡೀಪುರದಲ್ಲಿ ಕಾಡು ಗೊತ್ತಿದ್ದ ಗಾರ್ಡ್ ಒಬ್ಬರೇ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಮರುವರ್ಷ ಮಾರ್ಚ್‌ನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಇನ್ನು ಹಿಡಿದು ಒಳಗೆ ಹಾಕುವ ಮಾತು. ಕಾನೂನು ಇಲ್ಲದೆ ಏನಿಲ್ಲ. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ಇದೆ, ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಆದರೆ ಬೆಂಕಿ ಹಚ್ಚಿದವನನ್ನು ಕಂಡವರು ಯಾರು? ಬೀಡಿ ಎಸೆದವನು ಹೋಗಿ ಎಷ್ಟೋ ಹೊತ್ತಿನ ಮೇಲೆ ಹೊಗೆ ಕಾಣುತ್ತದೆ. ಆನೆ ಲದ್ದಿಯೊಳಗೆ ಕೆಂಡ ಇಟ್ಟು ಹೋಗುವವರಿದ್ದಾರೆ, ಅದು ನಿಧಾನವಾಗಿ ಹೊಗೆಯಾಡಿ, ಇಟ್ಟವನು ಮನೆ ಸೇರಿದ ಮೇಲೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಹಳಷ್ಟು ಕೇಸು "ಅಪರಿಚಿತರು" ಎಂದೇ ದಾಖಲಾಗುತ್ತವೆ.

ಹಚ್ಚುವವರಿಗೆ ಕಾರಣಗಳು ನೂರು. ದನ ಮೇಯಿಸುವವರಿಗೆ ಚಿಗುರು ಹುಲ್ಲು ಬೇಕು. ಜಿಂಕೆ, ಕಡವೆ ಉದುರಿಸಿದ ಕೊಂಬು ಆರಿಸುವವರಿಗೆ ನೆಲ ಬೋಳಾಗಿ ಕಾಣಬೇಕು. ಜೇನು ಕೀಳುವವರ ಸೂಡಿಯಿಂದ ಕಿಡಿ ಬೀಳುತ್ತದೆ. ಹೊಲದ ಬದು ಸುಡುವಾಗ ಗಾಳಿ ತಿರುಗುತ್ತದೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಕಷ್ಟ ಕೊಟ್ಟದ್ದು ಸಿಟ್ಟಿನ ಬೆಂಕಿ. ರಾಗಿ ಹೊಲಕ್ಕೆ ಆನೆ ನುಗ್ಗಿದೆ, ಪರಿಹಾರ ಬಂದಿಲ್ಲ, ಅಥವಾ ಬಂದದ್ದು ಬಿತ್ತನೆ ಬೀಜಕ್ಕೂ ಸಾಲದು. ದನ ಕಾಡಿಗೆ ಬಿಟ್ಟದ್ದಕ್ಕೆ ಕೇಸು ಬಿದ್ದಿದೆ. ಅವನಿಗೆ ಇಲಾಖೆಯ ಮೇಲೆ ಕೈ ಮಾಡಲು ಆಗಲ್ಲ. ಇಲಾಖೆ ಪ್ರೀತಿಸುವ ಕಾಡಿನ ಮೇಲೆ ಆಗುತ್ತದೆ. "ಒದ್ದಾಡಲಿ ಒಂದು ರಾತ್ರಿ" ಎಂದು ಒಬ್ಬ ನನ್ನೆದುರೇ ಹೇಳಿದ್ದಾನೆ. ಅವನಿಗೆ ಕಾಡಿನ ಬೆಲೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ನನಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ಕಾನಂಚು ಅವರ ಮೊದಲ ಪ್ರಶ್ನೆ. ಹೆಸರು ಬರೆದುಕೊಳ್ಳುತ್ತಾರೆ ಅನ್ನುವುದು ಸುಳ್ಳಲ್ಲ. ಬೆಂಕಿ ಆದ ಮೇಲೆ ವರದಿ ಬೇಕು, ವರದಿಗೆ ಯಾರು ಮೊದಲು ನೋಡಿದರು ಎಂಬುದು ಬೇಕು. ನೋಡಿದವನನ್ನೇ ಎರಡು ಮೂರು ಸಲ ಕಚೇರಿಗೆ ಕರೆಸಿದರೆ ಮುಂದಿನ ವರ್ಷ ಅವನು ಯಾಕೆ ಫೋನ್ ಮಾಡುತ್ತಾನೆ? ಇದು ಗೊತ್ತಿರುವ ಅಧಿಕಾರಿಗಳು ಊರಿನ ಒಬ್ಬರ ನಂಬರನ್ನು ತಮ್ಮ ಹತ್ತಿರ ಇಟ್ಟುಕೊಂಡು, ಸುದ್ದಿ ಎಲ್ಲಿಂದ ಬಂತು ಎಂದು ಕಡತದಲ್ಲಿ ಬರೆಯುವುದೇ ಇಲ್ಲ. ಈಗಂತೂ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ನೋಡಿ ಎಸ್‌ಎಂಎಸ್ ಕಳಿಸುತ್ತದೆ. ಸಾರ್ವಜನಿಕರೂ ನೋಂದಾಯಿಸಿಕೊಳ್ಳಬಹುದು. ಆದರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಬೆಂಕಿ ಕಾಣುವಷ್ಟು ದೊಡ್ಡದಾಗಿರಬೇಕು, ಮೇಲಾಗಿ ಅದು ಒಂದೊಂದು ಚುಕ್ಕೆಯಲ್ಲಿ ನೋಡುವುದು ಮುನ್ನೂರು ನಾಲ್ಕುನೂರು ಮೀಟರ್ ಅಗಲದ ನೆಲವನ್ನು. ದನ ಕಾಯುವ ಹುಡುಗನ ಕಣ್ಣಿಗೆ ಅದಕ್ಕಿಂತ ಮುಂಚೆ ಬೀಳುತ್ತದೆ. ಆ ಹುಡುಗ ನಿಮಗೆ ಫೋನ್ ಮಾಡುವ ಹಾಗಿದ್ದಾನಾ ಅನ್ನುವುದೇ ಎಲ್ಲ.

ನಾನು ಕಂಡ ಹಾಗೆ, ಬೆಂಕಿ ದಿನ ಜನ ಬರುತ್ತಾರೋ ಇಲ್ಲವೋ ಎನ್ನುವುದು ನವೆಂಬರ್‌ನಲ್ಲೇ ತೀರ್ಮಾನವಾಗಿರುತ್ತದೆ. ಮಳೆ ನಿಂತ ಮೇಲೆ ಬೆಂಕಿ ರೇಖೆಯ ಕೆಲಸ ಶುರು. ದಾರಿಯ ಎರಡೂ ಬದಿ ಹುಲ್ಲು, ಲಂಟಾನದ ಕಳೆ ಪೊದೆ ಸವರಿ, ಒಣಗಲು ಬಿಟ್ಟು, ಆಮೇಲೆ ಗಾಳಿ ಇಲ್ಲದ ಹೊತ್ತು ನೋಡಿ ಜನ ನಿಲ್ಲಿಸಿಕೊಂಡು ಸುಡುವುದು. ಆ ಕೂಲಿ ಯಾರಿಗೆ ಹೋಯಿತು? ಅದೇ ಊರಿನವರಿಗೆ ಹೋದರೆ ಫೆಬ್ರವರಿಯಲ್ಲಿ ಅವರೇ ವಾಚರ್‌ಗಳು, ಅವರ ತಮ್ಮಂದಿರು ಕೊಂಬು ಆರಿಸಲು ಬೆಂಕಿ ಇಡುವುದಿಲ್ಲ. ಹೊರಗಿನ ಕಂಟ್ರಾಕ್ಟರ್ ಲಾರಿಯಲ್ಲಿ ಜನ ತಂದರೆ ಊರಿಗೂ ಕಾಡಿಗೂ ಸಂಬಂಧ ಅಲ್ಲಿಗೇ ಮುಗಿಯಿತು. ಕೂಲಿ ಮಳೆಗಾಲಕ್ಕೆ ಬಂದರಂತೂ ಕೇಳಲೇಬೇಡಿ. ಜಾಥಾ, ಬೀದಿ ನಾಟಕ, "ಕಾಡು ಉಳಿಸಿ" ಬ್ಯಾನರ್ ಎಲ್ಲ ನಾನೂ ಮಾಡಿಸಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಷ್ಟೆ.

ಎರಡನೆಯ ಪ್ರಶ್ನೆಗೆ: ನೀವೇ ಬೆಟ್ಟಕ್ಕೆ ಬೆಂಕಿ ಕೊಡಬೇಡಿ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸೌಲಭ್ಯ, ನೆಲ ಸರ್ಕಾರದ್ದು. ಕೇಸು ಆಗುತ್ತದೆ. ಅದಕ್ಕಿಂತ ಮುಖ್ಯ, ನಿಮ್ಮದು ಒಣ ಕಾಡಲ್ಲ. ನಮ್ಮ ಕಡೆಯ ತೇಗ, ದಿಂಡಲು, ಮತ್ತಿ ತೊಗಟೆ ದಪ್ಪ, ನೆಲದ ಬೆಂಕಿ ತಡೆಯುತ್ತವೆ. ನಿಮ್ಮ ಕಾನಿನ, ಅಂದರೆ ದಟ್ಟ ಹಸಿರು ಕಾಡಿನ, ಮರಗಳಿಗೆ ಆ ಅಭ್ಯಾಸವಿಲ್ಲ. ಒಂದು ಸಲ ಒಳಗೆ ನುಗ್ಗಿದರೆ ಸಸಿ ಸಾಯುತ್ತದೆ, ಬೆಳಕು ಬೀಳುತ್ತದೆ, ಹುಲ್ಲು ಕಳೆ ಬರುತ್ತದೆ, ಮುಂದಿನ ವರ್ಷ ಇನ್ನೂ ಸುಲಭವಾಗಿ ಸುಡುತ್ತದೆ.

ಯಳಂದೂರಿನವಳು

ಫಾರೆಸ್ಟರ್ ಸರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೆ ಜಗಳ.

ನಾನು ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಸೋಲಿಗ ಆದಿವಾಸಿಗಳ ಜತೆ ಕೆಲಸ ಮಾಡಿದವಳು. ಅಲ್ಲಿಯ ಹಿರಿಯರನ್ನು ಕೂರಿಸಿ ಕೇಳಿ, ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಚಳಿ ಇನ್ನೂ ಇರುವಾಗ, ಹುಲ್ಲಿನ ಬುಡದಲ್ಲಿ ತೇವ ಇರುವಾಗ, ಬಿದ್ದ ತರಗಿಗೆ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರ ಮೀರುತ್ತಿರಲಿಲ್ಲ, ತಾನಾಗಿ ಆರುತ್ತಿತ್ತು. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು. ಆಮೇಲೆ ಏನಾಯಿತು? ಲಂಟಾನ. ಈಗ ಅಲ್ಲಿ ಆನೆ ನಿಂತರೂ ಕಾಣದಷ್ಟು ಲಂಟಾನ ಇದೆ. ನೆಲ್ಲಿ ಮರದ ತುಂಬ ಬಂದಳಿಕೆ, ಮರದ ರಸ ಹೀರಿ ಬದುಕುವ ಗಿಡ. ಬೆಂಕಿ ನಿಂತದ್ದೇ ಎರಡಕ್ಕೂ ಕಾರಣ ಅನ್ನುವುದು ಸೋಲಿಗರ ಮಾತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ, ಬರೆದವರಲ್ಲಿ ಸೋಲಿಗರೂ ಇದ್ದಾರೆ.

ಹಾಗಾಗಿ "ಬೆಂಕಿ ಕೆಟ್ಟದ್ದು, ಹಚ್ಚುವವನು ಕಳ್ಳ" ಅನ್ನುವ ಒಂದೇ ಪಾಠವನ್ನು ಎಲ್ಲ ಕಾಡಿಗೂ ಹೇಳಿಕೊಟ್ಟದ್ದು ಇಲಾಖೆಯೇ. ನೀವೇ ಬೆಂಕಿ ರೇಖೆಗೆ ಬೆಂಕಿ ಕೊಡುತ್ತೀರಿ, ಅದು ನಿರ್ವಹಣೆ. ಅವರು ಕೊಟ್ಟರೆ ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ 2011ರಲ್ಲಿ ಬಿಳಿಗಿರಿಯ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ ಎಲ್ಲ ಅದರಲ್ಲಿ ಬಂತು. ಬೆಂಕಿಯ ಮಾತು ಬಂದರೆ ಮಾತ್ರ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ಹಳೇ ಫಾರೆಸ್ಟರ್ (ಮೈಸೂರು)

ಅಮ್ಮಾ, ತರಗು ಬೆಂಕಿಯನ್ನು ನಾನು ತಳ್ಳಿಹಾಕುವುದಿಲ್ಲ. ಸೇವೆಯಲ್ಲಿದ್ದಾಗ ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ, ಈಗ ಹೇಳಬಹುದು: ಅದು ಬುದ್ಧಿವಂತರ ಬೆಂಕಿ. ಆದರೆ ಅದು ನಡೆಯುತ್ತಿದ್ದದ್ದು ಲಂಟಾನ ಇಲ್ಲದ ನೆಲದಲ್ಲಿ. ಇವತ್ತು ಅದೇ ಜಾಗಕ್ಕೆ ಜನವರಿಯಲ್ಲಿ ಬೆಂಕಿ ಕೊಟ್ಟು ನೋಡಿ. ತರಗಿನಿಂದ ಲಂಟಾನಕ್ಕೆ, ಅಲ್ಲಿಂದ ಮರದ ತಲೆಗೆ ಏಣಿ ಹಾಕಿದ ಹಾಗೆ ಹತ್ತುತ್ತದೆ. 2010ರ ಆಚೀಚೆ ನಮ್ಮ ಕಡೆ ಬಿದಿರು ಹೂ ಬಿಟ್ಟು ಹಿಂಡುಹಿಂಡಾಗಿ ಸತ್ತಿತಲ್ಲ, ಆ ಒಣ ಬಿದಿರಿಗೆ ಬೆಂಕಿ ಬಿದ್ದರೆ ಪಟಾಕಿಯಂತೆ ಸಿಡಿದು ರೇಖೆ ದಾಟಿ ಆಚೆ ಬೀಳುತ್ತಿತ್ತು. ಲಂಟಾನ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ, ಅದು ನಿಮಗೂ ಗೊತ್ತು. ಮೊದಲು ಅದನ್ನು ಬೇರು ಸಮೇತ ಕಿತ್ತು ತೆಗೆಯಬೇಕು. ಆಮೇಲೆ ಹಿರಿಯರು ಹೇಳಿದ ದಿನ ಬೆಂಕಿ. ಅದಕ್ಕೆ ದುಡ್ಡು ಯಾರು ಕೊಡುತ್ತಾರೆ?

ಯಳಂದೂರಿನವಳು

ದುಡ್ಡಿನ ಪ್ರಶ್ನೆ ನಿಮ್ಮದೇ ಇಲಾಖೆಗೆ ಕೇಳಿ ಸರ್. ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದಿಂದ ಕುರ್ಚಿ, ಸೋಫಾ ಮಾಡುತ್ತಾರೆ. ಕಿತ್ತದ್ದು ಸುಮ್ನೆ ಹಾಳಾಗಬೇಕಿಲ್ಲ. ಆದರೆ ಕುರ್ಚಿ ಮಾಡಿ ಕಾಡು ಖಾಲಿ ಮಾಡಲು ಆಗಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಎಲ್ಲಿಂದಲೋ ಶುರುವಾಗಬೇಕು, ಕನಿಷ್ಠ ಒಂದು ಪೋಡಿನ ಸುತ್ತ, ಕಾಗದದ ಮೇಲೆ ಒಪ್ಪಿಗೆ ಇಟ್ಟುಕೊಂಡು.

ಶಿವು (ಸನಿವೇಲ್, ಕ್ಯಾಲಿಫೋರ್ನಿಯಾ)

ಊರು ತುಮಕೂರು, ಇರುವುದು ಕ್ಯಾಲಿಫೋರ್ನಿಯಾ. ಈ ಜಗಳ ಇಲ್ಲೂ ನಡೆಯುತ್ತದೆ ಅಂತ ಹೇಳಲು ಬಂದೆ.

2020ರ ಸೆಪ್ಟೆಂಬರ್ 9ರಂದು ಇಲ್ಲಿ ಆಕಾಶ ಕಿತ್ತಳೆ ಬಣ್ಣ ಆಗಿತ್ತು. ಬೆಳಗ್ಗೆ ದೀಪ ಹಾಕಿಕೊಂಡು ಕೆಲಸ ಮಾಡಿದೆವು. ಬೆಂಕಿ ಇದ್ದದ್ದು ಎಲ್ಲೋ ದೂರದ ಬೆಟ್ಟಗಳಲ್ಲಿ. ಆವತ್ತಿನವರೆಗೆ ನಮ್ಮ ಆಫೀಸಿನಲ್ಲಿ ಕಾಡ್ಗಿಚ್ಚು ಅಂದರೆ ಬೆಟ್ಟದಲ್ಲಿ ಮನೆ ಕಟ್ಟಿದವರ ತಲೆನೋವು. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಅನ್ನುವ ಊರೇ ಸುಟ್ಟು 85 ಜನ ಸತ್ತಾಗಲೂ ಹಾಗೇ ಮಾತಾಡಿದವರಿದ್ದರು.

ಯಳಂದೂರಿನವರು ಹೇಳಿದ ಕಥೆಯೇ ಇಲ್ಲಿಯದೂ. ಕ್ಲಾಮತ್ ನದಿಯ ಕಡೆಯ ಯುರೋಕ್, ಕರುಕ್ ಜನ ಕಾಡಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಸರ್ಕಾರ ನಿಲ್ಲಿಸಿತು, ಕಂಡ ಬೆಂಕಿಯನ್ನೆಲ್ಲ ಆರಿಸಿತು. ನೂರು ವರ್ಷದ ಒಣ ಕಟ್ಟಿಗೆ ಕೂಡಿಬಿತ್ತು. ಈಗ ಸರ್ಕಾರವೇ ಸುಡಬೇಕು ಅನ್ನುತ್ತಿದೆ. ತರಬೇತಿ ಪಡೆದವರು ನಿಯಮ ಪಾಲಿಸಿ ಕೊಟ್ಟ ಬೆಂಕಿ ಕೈತಪ್ಪಿದರೆ, ಆರಿಸಿದ ಖರ್ಚು ಅವರ ತಲೆಗೆ ಬರದ ಹಾಗೆ 2021ರಲ್ಲಿ ಕಾನೂನನ್ನೂ ಮಾಡಿದರು. ಆದರೂ ಪಕ್ಕದ ಊರವರು ಹೊಗೆ ಬಂತು ಅಂತ ದೂರು ಕೊಡುತ್ತಾರೆ.

ಜನರ ಮನಸ್ಸು ನಿಜವಾಗಿ ಬದಲಾದದ್ದು ಇನ್ಶೂರೆನ್ಸ್‌ನಿಂದ. ಬೆಟ್ಟದ ಕಡೆ ಮನೆ ಸುತ್ತ ನೂರು ಅಡಿವರೆಗೆ ಒಣಹುಲ್ಲು, ಪೊದೆ ತೆಗೆದಿರಬೇಕು ಅನ್ನುವ ನಿಯಮ ಮೊದಲೇ ಇತ್ತು, ಕೇಳುವವರಿರಲಿಲ್ಲ. ಬೆಟ್ಟದ ಕಡೆ ಇರುವ ಗೆಳೆಯನಿಗೆ ಕಂಪನಿ ಪಾಲಿಸಿ ಮುಂದುವರಿಸಲ್ಲ ಅಂದ ಮೇಲೆ, ಮನೆ ಗೋಡೆಗೆ ತಾಗಿದ್ದ ಗುಲಾಬಿ ಗಿಡವನ್ನೂ ಕಿತ್ತು ಹಾಕಿದ.

ಹೇಮಕ್ಕ (ಸಿದ್ದಾಪುರ)

ಶಿವು, ಅಲ್ಲಿಯದು ಕಟ್ಟಿಗೆಯ ಮನೆ, ಇಲ್ಲಿ ಮನೆ ಸುಡುವುದು ಅಪರೂಪ, ಸುಡುವುದು ತೋಟ ಮತ್ತು ಹುಲ್ಲಿನ ಗೊಣಬೆ (ಬಣವೆ). ಅದಕ್ಕೆ ಇನ್ಶೂರೆನ್ಸೂ ಇಲ್ಲ, ಹೆದರಿಸುವವರೂ ಇಲ್ಲ.

ಕಾನಂಚು ತಮ್ಮಾ, ನೀನು ಬರೆದದ್ದನ್ನು ಓದಿದೆ. "ದರಕು ಗುಡಿಸುವುದು ನಿಂತಿತು" ಅಂದೆಯಲ್ಲ, ಗುಡಿಸುತ್ತಿದ್ದವರು ಯಾರು ಅಂತ ಬರೆಯಲೇ ಇಲ್ಲ. ಹೆಂಗಸರು. ಬೆಂಕಿಯ ಮೀಟಿಂಗಿಗೆ ಕರೆಯುವುದು ಯಾರನ್ನು? ಗಂಡಸರನ್ನು. ಗ್ರಾಮ ಅರಣ್ಯ ಸಮಿತಿಯ ಸಭೆ ಅಂತ ಚಾ ಕುಡಿದು ಸಹಿ ಹಾಕಿ ಬರುತ್ತಾರೆ. ಬೆಟ್ಟದಲ್ಲಿ ಯಾವ ಮೂಲೆಯಲ್ಲಿ ದರಕು ದಪ್ಪ ಕೂತಿದೆ, ಯಾವ ಕಡೆಯಿಂದ ಗಾಳಿ ಬರುತ್ತದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮೂರಲ್ಲಿ ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ದೊಡ್ಡದೇನಲ್ಲ. ನಮ್ಮ ಸ್ವಸಹಾಯ ಸಂಘದ ಹೆಂಗಸರು ಜನವರಿಯಲ್ಲಿ ಸರದಿ ಮಾಡಿಕೊಂಡು, ಬೆಟ್ಟ ಮತ್ತು ತೋಟದ ನಡುವಿನ ಅಗಲವಾದ ಪಟ್ಟಿಯಲ್ಲಿ ದರಕು ಗುಡಿಸುತ್ತೇವೆ. ಬೆಟ್ಟ ಪೂರ್ತಿ ಅಲ್ಲ, ಆ ಪಟ್ಟಿ ಮಾತ್ರ. ಗುಡಿಸಿದ್ದನ್ನು ಕಲ್ಲಿಗಳಲ್ಲಿ (ಹಗ್ಗದ ಬಲೆ ಚೀಲ) ತುಂಬಿ, ದನ ಇರುವವರಿಗೂ ತೋಟಕ್ಕೆ ಮುಚ್ಚಿಗೆ ಬೇಕಾದವರಿಗೂ ಮಾರುತ್ತೇವೆ. ದರಕು ಕೊಳ್ಳುವವರು ಸಿಕ್ಕ ಮೇಲೆ ಗುಡಿಸುವವರಿಗೆ ಬರವಿಲ್ಲ. ಮಂಗನ ಕಾಯಿಲೆಯ ಹೆದರಿಕೆ ನಮಗೂ ಇದೆ. ಉದ್ದ ತೋಳಿನ ಅಂಗಿ, ಕಾಲಿಗೆ ಸಾಕ್ಸು, ಆಸ್ಪತ್ರೆಯಿಂದ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗುವುದು, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತ ಸುದ್ದಿ ಬಂದರೆ ಆ ವರ್ಷ ಆ ಕಡೆ ಹೋಗುವುದೇ ಇಲ್ಲ.

ಬೆಂಕಿ ಬಿದ್ದಾಗಿನದು ಬೇರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪು ಪ್ರತಿ ಮನೆಯಲ್ಲಿದೆ, ಉದ್ದ ಪೈಪೂ ಇದೆ. ಬೇಸಿಗೆಯಲ್ಲಿ ಅದನ್ನು ಅಟ್ಟದ ಮೇಲೆ ಇಟ್ಟುಬಿಡುತ್ತಾರೆ. ನಾವು ಪಿಕ್‌ಅಪ್ ಇರುವ ಒಬ್ಬರ ಮನೆಯಲ್ಲಿ ಒಂದು ಪಂಪು, ಸಿಂಟೆಕ್ಸ್ ಡ್ರಮ್ಮು ಕೆಳಗೇ ಇಡಿಸಿದ್ದೇವೆ. ದಾರಿ ಇರುವಷ್ಟು ದೂರ ಅದು ಹೋಗುತ್ತದೆ. ಅದರಾಚೆ ಹಸಿ ಟೊಂಗೆಯೇ ಗತಿ.

ಹೆಸರು ಬರೆದುಕೊಳ್ಳುವ ವಿಷಯ ನಮ್ಮಲ್ಲೂ ಇತ್ತು. ಈಗ ಫೋನ್ ಮಾಡುವುದು ಸಂಘದ ಹೆಸರಲ್ಲಿ. ಯಾರು ನೋಡಿದ್ದು ಅಂತ ಕೇಳಿದರೆ "ಸಂಘ" ಅನ್ನುತ್ತೇವೆ. ಸಂಘವನ್ನು ಕಚೇರಿಗೆ ಕರೆಸಲಿ ನೋಡೋಣ.

ಕಾನಂಚು (ಸಾಗರ)

ಹೇಮಕ್ಕ, ಸಂಘದ ಹೆಸರಲ್ಲಿ ಫೋನ್ ಮಾಡುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, "ದರಕಿಗೆ ದುಡ್ಡು ಕೊಡ್ತಾರಂತಾ?" ಎಂದು ಅದೊಂದನ್ನೇ ಕೇಳಿದಳು. ಎರಡು ಚಿಕ್ಕ ಸಂಶಯ. ಅಕೇಶಿಯಾ ಕಡೆಯ ದರಕನ್ನು ಏನು ಮಾಡುತ್ತೀರಿ? ಅದು ಬೇಗ ಕೊಳೆಯುವುದಿಲ್ಲ, ದನದ ಕಾಲಡಿಗೂ ಯಾರೂ ಒಯ್ಯುವುದಿಲ್ಲ. ಸುಡುವಾಗ ಮಾತ್ರ ಎಲ್ಲಕ್ಕಿಂತ ಜೋರು. ನಮ್ಮಲ್ಲಿ ಬೆಂಕಿ ಇಳಿದದ್ದೇ ಅಲ್ಲಿಂದ. ಇನ್ನೊಂದು, ಫಾರೆಸ್ಟರ್ ಸರ್, ಎಲೆ ಊದುವ ಬ್ಲೋವರ್ ಇಲಾಖೆಯವರ ಹತ್ತಿರ ನೋಡಿದ್ದೇನೆ. ಅದು ನಿಜವಾಗಿ ಕೆಲಸಕ್ಕೆ ಬರುತ್ತದಾ?

ಹೇಮಕ್ಕ (ಸಿದ್ದಾಪುರ)

ಅಕೇಶಿಯಾದ್ದನ್ನು ನಾವೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಅದರ ಅಂಚಿಗೆ ಒಂದು ಪಟ್ಟಿ ಗುಡಿಸಿ ಒಳಗೇ ತಳ್ಳುತ್ತೇವೆ. ಆ ತೋಪು ನೆಟ್ಟವರು ಅದರ ಅಂಚನ್ನು ನೋಡಿಕೊಳ್ಳಬೇಕು ಅಂತ ಪಂಚಾಯ್ತಿಯಲ್ಲಿ ಪ್ರತಿ ವರ್ಷ ಬರೆದು ಕೊಡುತ್ತೇವೆ. ಪ್ರತಿ ವರ್ಷ ತೆಗೆದುಕೊಳ್ಳುತ್ತಾರೆ.

ಹಳೇ ಫಾರೆಸ್ಟರ್ (ಮೈಸೂರು)

ಬ್ಲೋವರ್ ಒಳ್ಳೆಯದು. ಸಣ್ಣ ಬೆಂಕಿಯ ಮುಂದೆ ತರಗನ್ನು ಊದಿ ನೆಲ ಕಾಣಿಸಿಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಹಿಂದೆ ಹತ್ತು ಜನ ಗುಡಿಸುತ್ತಿದ್ದ ಗೆರೆಯನ್ನು ಒಬ್ಬನೇ ಎಳೆಯುತ್ತಾನೆ. ಆದರೆ ಉರಿಯ ಕಡೆಗೇ ಊದಿದರೆ ಕಿಡಿ ಹಾರುತ್ತದೆ, ಅದನ್ನು ಕಲಿಸಿಕೊಟ್ಟೇ ಕೈಗೆ ಕೊಡಬೇಕು. ಪೆಟ್ರೋಲ್ ಕ್ಯಾನ್ ಹೊರುವವನು ಬೆಂಕಿಯಿಂದ ದೂರ, ಗಾಳಿ ಬರುವ ಕಡೆ ಇರಬೇಕು. ನೈಲಾನ್ ಟೀಶರ್ಟ್ ಹಾಕಿಕೊಂಡು ಯಾರನ್ನೂ ಬಿಡಬೇಡಿ, ಹತ್ತಿ ಬಟ್ಟೆ, ದಪ್ಪ ಬೂಟು. ಗುಡ್ಡದ ಬೆಂಕಿಗೆ ಎಂದೂ ಮೇಲ್ಗಡೆ ನಿಲ್ಲಬೇಡಿ, ಅದು ಹತ್ತುವ ವೇಗಕ್ಕೆ ನೀವು ಓಡಲಾರಿರಿ. ಆಗಲೇ ಸುಟ್ಟು ಕಪ್ಪಾದ ನೆಲ ನಿಮ್ಮ ಬೆನ್ನಿಗೆ ಇರಲಿ.

ನಂಬರ್ ಯಾರೂ ಬರೆದಿಲ್ಲ, ಆದ್ದರಿಂದ ಬರೆಯುತ್ತೇನೆ: ಅರಣ್ಯ ಸಹಾಯವಾಣಿ 1926, ಅದು ಸಿಗದಿದ್ದರೆ 112. ಆದರೆ ಅದಕ್ಕಿಂತ ಮೊದಲು ನಿಮ್ಮ ಬೀಟ್ ಗಾರ್ಡ್‌ನ ಮೊಬೈಲ್ ನಂಬರ್ ಸಂಘದ ಗೋಡೆಯ ಮೇಲೆ ಬರೆದಿಡಿ. ಅವನು ವರ್ಗವಾದರೆ ಅಳಿಸಿ ಹೊಸಬನದು ಬರೆಯಿರಿ. ಬಂದ ವಾರದಲ್ಲೇ ಊಟಕ್ಕೆ ಕರೆಯಿರಿ, ಹೊಸ ಹುಡುಗರಿಗೆ ಬೆಟ್ಟದ ದಾರಿ ಗೊತ್ತಿರುವುದಿಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ (ಬೆಂಗಳೂರು)

ಆನೆ ಲದ್ದಿಯಲ್ಲಿ ಕೆಂಡ ಇಡುತ್ತಾರಾ! ಸರಿ, ಹೆಲಿಕಾಪ್ಟರ್ ವಾಪಸ್. ಹೇಮಕ್ಕ, ಆ ದರಕು ಬೆಂಗಳೂರಿನ ಟೆರೇಸ್ ಗಾರ್ಡನ್ನಿಗೆ ಸಿಗುತ್ತದಾ? ಮುಚ್ಚಿಗೆಗೆ ಇಲ್ಲಿ ನಾವು ತೆಂಗಿನ ನಾರಿಗೆ ಕೈತುಂಬ ದುಡ್ಡು ಕೊಡುತ್ತಿದ್ದೇವೆ.

ಹೇಮಕ್ಕ (ಸಿದ್ದಾಪುರ)

ಸಿಗಲ್ಲ ತಮ್ಮಾ. ಬೆಟ್ಟದ ಸೊಪ್ಪು ದರಕು ಊರಿನ ತೋಟಕ್ಕೆ, ಊರಿನ ಕೊಟ್ಟಿಗೆಗೆ ಮಾತ್ರ. ಹೊರಗೆ ಸಾಗಿಸಿದರೆ ಫಾರೆಸ್ಟರ್ ಸಾಹೇಬರ ಕಡೆಯವರು ಆಗ ನಿಜವಾಗಿಯೂ ಹೆಸರು ಬರೆದುಕೊಳ್ಳುತ್ತಾರೆ.